ಜಾಲತಾಣಗಳ ರೂಪಾಂತರವೂ ಬಳಕೆದಾರರ ಆಕ್ಷೇಪಗಳೂ

೧

ಮುದ್ರಿತ ಗ್ರಂಥವೊಂದರ ಎರಡನೆಯ ಆವೃತ್ತಿಯು ಹೊರಬಿದ್ದಾಗ ಮೊದಲನೆಯ ಆವೃತ್ತಿಯು ನಾಶವಾಗುವುದಿಲ್ಲ. ಅದನ್ನು ಕೊಂಡವರ ಮನೆಗಳಲ್ಲಿಯೂ ಪುಸ್ತಕಭಂಡಾರಗಳಲ್ಲಿಯೂ ಅದು ಉಳಿದಿರುತ್ತದೆ. ಎರಡನ್ನೂ ಎದುರಿಗಿಟ್ಟುಕೊಂಡು ಯಾವುದನ್ನು ಬಿಟ್ಟಿದ್ದಾರೆ, ಯಾವುದನ್ನು ಸೇರಿಸಿದ್ದಾರೆ ಎಂಬುದನ್ನು ವಿಚಾರಿಸುವುದು ಸಾಧ್ಯ. ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ಹೀಗಿಲ್ಲ. ತಾಣದ ಒಡೆಯರು ಪುಟದ ವಿನ್ಯಾಸವನ್ನು ಮಾರ್ಪಡಿಸಿದರೆ ಆ ಮಾರ್ಪಾಟು ಸಾಮಾನ್ಯವಾಗಿ ಎಲ್ಲ ಓದುಗರಿಗೂ ಅನ್ವಯಿಸುತ್ತದೆ. ರಾತ್ರಿ ಹಳೆಯ ಪುಟವನ್ನು ಮುಚ್ಚಿ ಮಲಗಿದವನು ಬೆಳಗಾಗೆದ್ದು ಹೊಸ ಪುಟವನ್ನು ತೆರೆಯುತ್ತಾನೆ. ಹಳೆಯದನ್ನು ಪುನಃ ಕಾಣಬೇಕೆಂದರೆ ಅವನಿಗೆ ದಾರಿಯಿರುವುದಿಲ್ಲ.

ಇಂತಹ ಮಾರ್ಪಾಟುಗಳನ್ನು ಬಳಕೆದಾರರು ಸುಮ್ಮನೆ ಒಪ್ಪಿಕೊಂಡುದು ವಿರಳ. ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಪ್ರಸಿದ್ಧವಾದ ತಾಣಗಳ ಪೈಕಿ ಹೊಸ ವೇಷವನ್ನು ಧರಿಸಿದಾಗ ನಿಂದೆಗೆ ಒಳಗಾಗದೆ ಉಳಿದುವು ತೀರ ಕೆಲವೇ. ಈ ವಿರೋಧವನ್ನು ವಿವರಿಸುವಾಗ ಸಾಧಾರಣವಾಗಿ ಹೇಳುವ ಮಾತು ಒಂದಿದೆ: ಜನರು ಅಭ್ಯಾಸಕ್ಕೆ ಕಟ್ಟುಬಿದ್ದವರು, ಹೊಸದು ಯಾವುದೇ ಆಗಲಿ ಮೊದಲು ಅವರಿಗೆ ಹಿಡಿಸುವುದಿಲ್ಲ, ಕೆಲವು ದಿನ ಕೂಗಾಡಿ ಆಮೇಲೆ ಅದಕ್ಕೇ ಒಗ್ಗಿಕೊಳ್ಳುತ್ತಾರೆ, ಆದುದರಿಂದ ಆ ಕೂಗಿಗೆ ಹೆಚ್ಚಿನ ಬೆಲೆಯನ್ನು ಕೊಡಬೇಕಾದುದಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇದನ್ನು ಸರ್ವತ್ರ ಅನ್ವಯಿಸುವ ಸಿದ್ಧಾಂತವಾಗಿ ಸ್ವೀಕರಿಸಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕ್ರಿ.ಶ. ೨೦೦೬ರಿಂದ ೨೦೧೮ರವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕೆಲವು ತಾಣಗಳಲ್ಲಿ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಿದರೆ, ಬಳಕೆದಾರರ ಆಕ್ಷೇಪಗಳೆಲ್ಲವೂ ಒಂದೇ ಜಾತಿಯವಲ್ಲವೆಂದೂ, ಅವುಗಳಲ್ಲಿ ಹಲವು ಹಳೆಯ ಪುಟವು ಓದುಗನಿಗೆ ಏನನ್ನು ಕೊಟ್ಟಿದ್ದಿತೆಂಬುದಕ್ಕೆ ಸಾಕ್ಷಿ ನುಡಿಯುತ್ತವೆಂದೂ ತಿಳಿದುಬರುತ್ತದೆ.

೨

ಮೊದಲು ಆಧಾರಗಳ ವಿಷಯವನ್ನು ಹೇಳುವುದು ಅವಶ್ಯಕ. ಹಳೆಯ ರೂಪವನ್ನು ತಿಳಿಯುವುದಕ್ಕೆ ಚರಿತ್ರಕಾರನಿಗೆ ಮೂರು ಬಗೆಯ ಸಾಧನಗಳಿವೆ. ಮೊದಲನೆಯದು ಸಂಗ್ರಹಾಲಯಗಳು. ಬ್ರೂಸ್ಟರ್ ಕೇಲ್ ಎಂಬವರು ೧೯೯೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದು, ೨೦೦೧ರಲ್ಲಿ ಅವುಗಳನ್ನು ಎಲ್ಲರೂ ನೋಡುವಂತೆ ತೆರೆದಿಟ್ಟಿತು. ಇದರ ಉಪಕಾರವು ಬಹು ದೊಡ್ಡದು. ಆದರೆ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಕ್ಕ ಮೇಲೆ ಕಾಣುವ ಪುಟಗಳು ಅದರ ಕೈಗೆ ಸಿಕ್ಕುವುದಿಲ್ಲ. ಫೇಸ್‌ಬುಕ್ಕಿನಂತಹ ತಾಣದಲ್ಲಿ ಮುಖ್ಯವಾದ ಪುಟಗಳೆಲ್ಲವೂ ಬಾಗಿಲಿನ ಒಳಗಿನವು. ಅಲ್ಲದೆ ಒಬ್ಬೊಬ್ಬನಿಗೂ ಬೇರೆ ಬೇರೆಯಾಗಿ ಕಾಣುವಂತಹವು. ಸಿಕ್ಕಿದ ಪುಟವಾದರೂ ಬಹುಮಟ್ಟಿಗೆ ಚಿತ್ರದಂತೆ ಇರುವುದೇ ಹೊರತು, ಅದರ ಗುಂಡಿಗಳನ್ನು ಒತ್ತಿದರೆ ಹಿಂದಿನಂತೆ ಕೆಲಸ ನಡೆಯುವುದಿಲ್ಲ.

ಎರಡನೆಯ ಸಾಧನವು ಒಡೆಯರ ಪ್ರಕಟನೆಗಳು. ಇವು ಹೊಸದಾಗಿ ಸೇರಿದುದನ್ನು ವಿಸ್ತಾರವಾಗಿ ಹೇಳುತ್ತವೆ. ತೆಗೆದುಹಾಕಿದುದನ್ನು ಹೇಳುವುದು ಅಪೂರ್ವ. ಮೂರನೆಯದು ಬಳಕೆದಾರರ ದೂರುಗಳು. ಹಳೆಯ ಪುಟವನ್ನು ದಿನವೂ ಬಳಸುತ್ತಿದ್ದವನು ಅದು ಹೋದಾಗ ತನ್ನ ಕೈಯಿಂದ ಜಾರಿದುದು ಏನೆಂಬುದನ್ನು ಹೇಳುತ್ತಾನೆ. ಹೋಗುವವರೆಗೆ ಅದನ್ನು ಹೇಳುವ ಪ್ರಸಂಗವೇ ಅವನಿಗೆ ಬಂದಿರುವುದಿಲ್ಲ.

ಕಳೆದುಹೋದ ವಸ್ತುವನ್ನು ಅದರ ಬಗೆಗಿನ ಪರೋಕ್ಷವಾದ ಮಾತಿನಿಂದ ಅರಿಯುವುದು ಕನ್ನಡ ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಕವಿರಾಜಮಾರ್ಗವು ಹೆಸರಿಸುವ ದುರ್ವಿನೀತನೇ ಮೊದಲಾದ ಗದ್ಯಕಾರರ ಕನ್ನಡ ಕೃತಿಗಳು ದೊರೆಯುವುದಿಲ್ಲ. ಹಾಗಿದ್ದೂ ಅಂತಹ ಒಂದು ಗದ್ಯಪರಂಪರೆಯಿದ್ದಿತೆಂಬುದನ್ನು ಆ ಗ್ರಂಥದ ಮಾತಿನಿಂದಲೇ ಊಹಿಸಬೇಕಾಗಿದೆ. ಚಾರ್ವಾಕರ ಮತವು ಬಹುಮಟ್ಟಿಗೆ ತಿಳಿದುಬಂದಿರುವುದು ಅದನ್ನು ಖಂಡಿಸಿದವರು ಪೂರ್ವಪಕ್ಷವಾಗಿ ಹೇಳಿದ ವಾಕ್ಯಗಳಿಂದ. ಜಾಲತಾಣಗಳ ಹಳೆಯ ರೂಪಗಳ ವಿಷಯದಲ್ಲಿ ಬಳಕೆದಾರರ ದೂರುಗಳಿಗೆ ಹೆಚ್ಚುಕಡಿಮೆ ಇದೇ ಬಗೆಯ ಪ್ರಾಮಾಣ್ಯವಿದೆ. ದೂರುವವನು ಉದ್ವೇಗದಲ್ಲಿರುತ್ತಾನೆಂಬುದು ನಿಜ. ಖಂಡನಕಾರನೂ ಉದ್ವೇಗದಲ್ಲಿಯೇ ಇದ್ದನು. ಉದ್ವೇಗವನ್ನು ಕಳೆದು ಉಳಿದುದನ್ನು ತೆಗೆದುಕೊಳ್ಳುವುದು ಚರಿತ್ರಕಾರನ ಕೆಲಸ.

೩

ಇಂತಹ ವಿರೋಧಗಳ ಪೈಕಿ ಮೊದಲು ಬಹು ಪ್ರಸಿದ್ಧವಾದುದು ೨೦೦೬ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನಲ್ಲಿ ನಡೆದುದು. ಮಾರ್ಕ್ ಜುಕರ್‌ಬರ್ಗ್ ಮತ್ತು ಅವರ ಸಹಪಾಠಿಗಳು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ೨೦೦೪ರ ಫೆಬ್ರವರಿಯಲ್ಲಿ ಆರಂಭಿಸಿದ ಈ ತಾಣವು ಆ ಹೊತ್ತಿಗೆ ಮುಖ್ಯವಾಗಿ ವಿದ್ಯಾರ್ಥಿಗಳದಾಗಿದ್ದಿತು. ಬಳಕೆದಾರರ ಸಂಖ್ಯೆಯು ಒಂದು ಕೋಟಿಗೆ ಸಮೀಪವಾಗಿದ್ದಿತು. ಪ್ರತಿಯೊಬ್ಬನಿಗೂ ತನ್ನ ಪರಿಚಯದ ಒಂದು ಪುಟವಿದ್ದಿತು. ಸ್ನೇಹಿತನ ಸಮಾಚಾರವು ಬೇಕಾದವನು ಆ ಸ್ನೇಹಿತನ ಪುಟಕ್ಕೆ ತಾನಾಗಿಯೇ ಹೋಗಿ ನೋಡಬೇಕಾಗಿದ್ದಿತು.

ಸೆಪ್ಟೆಂಬರ್ ೫ನೆಯ ತಾರೀಖಿನಲ್ಲಿ ಈ ಕ್ರಮವು ತಲೆಕೆಳಗಾಯಿತು. ‘ನ್ಯೂಸ್ ಫೀಡ್’ ಎಂಬ ಹೆಸರಿನಿಂದ ಹೊಸದೊಂದು ಏರ್ಪಾಡು ಮುಖಪುಟದಲ್ಲಿ ಕಾಣಿಸಿಕೊಂಡಿತು. ಇದನ್ನು ಕುರಿತ ಪ್ರಕಟನೆಯನ್ನು ಬರೆದವರು ಆ ಕೆಲಸದ ಹೊಣೆ ಹೊತ್ತಿದ್ದ ರುಚಿ ಸಾಂಘ್ವಿ ಎಂಬವರು. ಸ್ನೇಹಿತರು ಮಾಡಿದ ಪ್ರತಿಯೊಂದು ಮಾರ್ಪಾಟು, ಅಂದರೆ ಯಾರೊಡನೆ ಹೊಸದಾಗಿ ಸ್ನೇಹ ಬೆಳೆಸಿದರು, ಯಾವ ಚಿತ್ರವನ್ನು ಸೇರಿಸಿದರು, ಯಾರೊಡನೆ ಸಂಬಂಧವನ್ನು ಕಡಿದುಕೊಂಡರು ಎಂಬುದೆಲ್ಲವೂ, ಕೇಳದೆಯೇ ಒಂದರ ಕೆಳಗೊಂದು ಪಟ್ಟಿಯಾಗಿ ಪ್ರತಿಯೊಬ್ಬನ ಎದುರಿಗೆ ಬರತೊಡಗಿತು. ಹಿಂದೆ ಓದುಗನು ಸುದ್ದಿಯ ಬಳಿಗೆ ಹೋಗುತ್ತಿದ್ದನು. ಈಗ ಸುದ್ದಿಯು ಓದುಗನ ಬಳಿಗೆ ಬಂದಿತು.

ವಿರೋಧವು ಕೂಡಲೆ ಎದ್ದಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ತಾಣದ ಒಳಗೇ ನ್ಯೂಸ್ ಫೀಡಿನ ವಿರುದ್ಧ ಒಂದು ಗುಂಪನ್ನು ಆರಂಭಿಸಲು, ಕೆಲವೇ ದಿನಗಳಲ್ಲಿ ಅದಕ್ಕೆ ಏಳು ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಜುಕರ್‌ಬರ್ಗರು ಮೊದಲು ಬರೆದ ಉತ್ತರದಲ್ಲಿ ಜನರು ಶಾಂತರಾಗಬೇಕೆಂದೂ, ಹಿಂದೆ ಯಾರಿಗೆ ಕಾಣದಿದ್ದುದು ಈಗಲೂ ಅವರಿಗೆ ಕಾಣುವುದಿಲ್ಲವೆಂದೂ ಹೇಳಿದರು. ಇದು ಅಕ್ಷರಶಃ ಸರಿಯಾಗಿದ್ದಿತು. ಆದರೆ ದೂರಿದವರ ಮಾತು ಬೇರೆಯಾಗಿದ್ದಿತು. ಹುಡುಕಿಕೊಂಡು ಬಂದವನಿಗೆ ಕಾಣುವುದು ಬೇರೆ, ಮನೆಮನೆಗೆ ಡಂಗುರ ಸಾರುವುದು ಬೇರೆ ಎಂಬುದೇ ಅವರ ಆಕ್ಷೇಪದ ಸಾರ. ಬಾಗಿಲು ತೆರೆದಿರುವ ಮನೆಯಾದರೂ ಅಲ್ಲಿ ನಡೆಯುವುದನ್ನು ಬೀದಿಯಲ್ಲಿ ಓದಿ ಹೇಳಬೇಕೆಂದು ಮನೆಯವನು ಒಪ್ಪಿಕೊಂಡಂತಾಗುವುದಿಲ್ಲ. ಡಾನಾ ಬಾಯ್ಡ್ ಎಂಬ ವಿದುಷಿಯು ಈ ಪ್ರಸಂಗವನ್ನು ಕುರಿತು ೨೦೦೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಖಾಸಗಿತನವೆಂಬುದು ವಿಷಯವು ಗುಟ್ಟಾಗಿದೆಯೆ ಇಲ್ಲವೆ ಎಂಬುದಷ್ಟೇ ಅಲ್ಲ, ಅದರ ಹರಡುವಿಕೆಯು ತನ್ನ ಹಿಡಿತದಲ್ಲಿದೆಯೆಂಬ ಭಾವವೂ ಅದರಲ್ಲಿ ಸೇರಿದೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿರುವರು.

ಸೆಪ್ಟೆಂಬರ್ ೮ರಂದು ಜುಕರ್‌ಬರ್ಗರು ಎರಡನೆಯ ಪತ್ರವನ್ನು ಬರೆದು, ಹೊಸ ಏರ್ಪಾಡನ್ನು ವಿವರಿಸುವುದರಲ್ಲಿಯೂ ಅದರ ಮೇಲೆ ಬಳಕೆದಾರರಿಗೆ ಹಿಡಿತವನ್ನು ಕೊಡುವುದರಲ್ಲಿಯೂ ತಪ್ಪಿದೆವೆಂದು ಒಪ್ಪಿಕೊಂಡರು. ಯಾವ ಬಗೆಯ ಸಮಾಚಾರವು ಇತರರ ಪಟ್ಟಿಗೆ ಹೋಗಬೇಕೆಂಬುದನ್ನು ಆರಿಸಿಕೊಳ್ಳುವ ಅನುಕೂಲವನ್ನು ಸೇರಿಸಿದರು. ಆದರೆ ನ್ಯೂಸ್ ಫೀಡನ್ನು ತೆಗೆಯಲಿಲ್ಲ. ವಿರೋಧವು ಇಳಿಯಿತು. ಅದೇ ತಿಂಗಳ ೨೬ರಂದು ತಾಣವು ಹದಿಮೂರು ವರ್ಷ ಮೀರಿದ ಎಲ್ಲರಿಗೂ ತೆರೆಯಲ್ಪಟ್ಟಿತು. ಮುಂದೆ ಆ ಪಟ್ಟಿಯೇ ತಾಣದ ಜೀವಾಳವಾಯಿತು. ಪ್ರತಿಭಟನೆಯ ಗುಂಪು ಅಷ್ಟು ಬೇಗನೆ ಬೆಳೆದುದಕ್ಕೆ ನ್ಯೂಸ್ ಫೀಡೇ ಕಾರಣವೆಂಬುದನ್ನೂ ಇಲ್ಲಿ ಹೇಳಬೇಕು. ಒಬ್ಬನು ಗುಂಪಿಗೆ ಸೇರಿದರೆ ಆ ಸುದ್ದಿಯು ಅವನ ಸ್ನೇಹಿತರೆಲ್ಲರ ಪಟ್ಟಿಯಲ್ಲಿ ಬೀಳುತ್ತಿದ್ದಿತು. ವಿರೋಧಿಸಿದವರೇ ಹೊಸ ಏರ್ಪಾಡನ್ನು ಎಡೆಬಿಡದೆ ಬಳಸುತ್ತಿದ್ದರೆಂಬುದನ್ನು ಒಡೆಯರು ಗಮನಿಸಿದರು.

ಅಭ್ಯಾಸವಾದವು ಹುಟ್ಟಿದುದು ಈ ಪ್ರಸಂಗದಿಂದಲ್ಲವಾದರೂ ಅದಕ್ಕೆ ಬಲವಾದ ದೃಷ್ಟಾಂತ ದೊರೆತುದು ಇಲ್ಲಿಯೇ. ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ೨೦೦೭ರ ನವೆಂಬರಿನಲ್ಲಿ, ಅಂದರೆ ಹದಿನಾಲ್ಕು ತಿಂಗಳಾದ ಮೇಲೆ, ಅದೇ ಕಂಪನಿಯು ‘ಬೀಕನ್’ ಎಂಬ ಇನ್ನೊಂದು ಏರ್ಪಾಡನ್ನು ಮಾಡಿ, ಬಳಕೆದಾರರು ಬೇರೆ ತಾಣಗಳಲ್ಲಿ ಕೊಂಡ ಸಾಮಾನುಗಳ ಸುದ್ದಿಯನ್ನೂ ಸ್ನೇಹಿತರ ಪಟ್ಟಿಗೆ ಸೇರಿಸತೊಡಗಿತು. ಪುನಃ ಪ್ರತಿಭಟನೆಯಾಯಿತು, ಡಿಸೆಂಬರ್ ೫ರಂದು ಜುಕರ್‌ಬರ್ಗರು ಪುನಃ ಕ್ಷಮೆ ಕೇಳಿದರು. ಈ ಸಲ ಜನರು ಒಗ್ಗಿಕೊಳ್ಳಲಿಲ್ಲ. ಮೊಕದ್ದಮೆಯು ನಡೆದು, ೯೫ ಲಕ್ಷ ಡಾಲರುಗಳ ರಾಜಿಯೊಡನೆ ೨೦೦೯ರಲ್ಲಿ ಬೀಕನನ್ನು ಮುಚ್ಚಬೇಕಾಯಿತು. ೨೦೦೬ರ ದೂರುಗಳಲ್ಲಿದ್ದ ಮಾತೇ ೨೦೦೭ರಲ್ಲಿಯೂ ಇದ್ದಿತು: ತಾನು ಮಾಡಿದುದನ್ನು ಯಾರಿಗೆ ಸಾರಬೇಕೆಂಬುದನ್ನು ತಾನೇ ನಿರ್ಧರಿಸಬೇಕೆಂಬುದು. ಮೊದಲನೆಯ ಸಲ ಅದನ್ನು ಬರಿಯ ಅಭ್ಯಾಸದ ಗೊಣಗೆಂದು ತಿಳಿದುದರಿಂದಲೇ ಎರಡನೆಯ ಸಲ ಎಡವಬೇಕಾಯಿತೆಂದು ಹೇಳುವುದಕ್ಕೆ ಅವಕಾಶವಿದೆ.

೪

ಫೇಸ್‌ಬುಕ್ಕಿನ ಪ್ರಸಂಗಕ್ಕೆ ಪ್ರತಿಯಾಗಿ ನಿಲ್ಲುವುದು ಡಿಗ್ ಎಂಬ ತಾಣದ ವೃತ್ತಾಂತ. ಡಿಗ್ ಎಂದರೆ ಅಗೆಯುವುದು. ಕೆವಿನ್ ರೋಸ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಆರಂಭಿಸಿದ ಈ ತಾಣದಲ್ಲಿ ಓದುಗರು ಜಾಲದ ಯಾವುದಾದರೊಂದು ಬರಹವನ್ನು ತಂದು ಮುಂದಿಡುವರು. ಉಳಿದ ಓದುಗರು ಮೆಚ್ಚಿದರೆ ಅದನ್ನು ಅಗೆದು ಮೇಲೆತ್ತುವರು, ಮೆಚ್ಚದಿದ್ದರೆ ಹೂಳುವರು. ಬಹು ಜನರು ಎತ್ತಿದುದು ಮೊದಲ ಪುಟಕ್ಕೆ ಬರುವುದು. ಪತ್ರಿಕೆಗಳಲ್ಲಿ ಸಂಪಾದಕನು ಮಾಡುವ ಕೆಲಸವನ್ನು ಇಲ್ಲಿ ಓದುಗರ ಸಮೂಹವು ಮಾಡುತ್ತಿದ್ದಿತು. ಪ್ರಬಲರಾದ ಕೆಲವರು ಕೂಡಿಕೊಂಡು ತಮಗೆ ಬೇಕಾದುದನ್ನು ಮೇಲೆತ್ತುತ್ತಿದ್ದರೆಂಬ ದೂರು ಹಿಂದಿನಿಂದಲೂ ಇದ್ದಿತು. ಆದುದರಿಂದ ಹಳೆಯ ಕ್ರಮವನ್ನು ದೋಷರಹಿತವೆಂದು ಬಣ್ಣಿಸುವುದು ಸರಿಯಲ್ಲ.

ಈ ಓದುಗರು ತಮ್ಮ ಬಲವನ್ನು ಒಮ್ಮೆ ತೋರಿಸಿದ್ದರು. ಚಲಚ್ಚಿತ್ರಗಳ ತಟ್ಟೆಗಳ ಬೀಗವನ್ನು ತೆರೆಯುವ ಒಂದು ಸಂಕೇತಾಂಕವನ್ನು ಕೆಲವರು ತಾಣದಲ್ಲಿ ಪ್ರಕಟಿಸಲು, ಕಾನೂನಿನ ಭಯದಿಂದ ಕಂಪನಿಯು ಅದನ್ನು ತೆಗೆದುಹಾಕಿತು. ೨೦೦೭ರ ಮೇ ೧ರಂದು ಓದುಗರು ಅದೇ ಅಂಕವನ್ನು ಪುನಃಪುನಃ ಸೇರಿಸಿ ಮೊದಲ ಪುಟವನ್ನೆಲ್ಲ ತುಂಬಿಬಿಟ್ಟರು. ಅದೇ ರಾತ್ರಿ ಕೆವಿನ್ ರೋಸರು ಸೋಲನ್ನೊಪ್ಪಿ, ಮುಂದೆ ಅದನ್ನು ಅಳಿಸುವುದಿಲ್ಲವೆಂದು ಪ್ರಕಟಿಸಿದರು. ಮೊದಲ ಪುಟವು ತಮ್ಮದೆಂಬ ಭಾವವು ಓದುಗರಲ್ಲಿ ಎಷ್ಟು ಬೇರೂರಿದ್ದಿತೆಂಬುದಕ್ಕೆ ಈ ಸಂಗತಿಯೇ ನಿದರ್ಶನ.

೨೦೧೦ರ ಆಗಸ್ಟ್ ೨೫ರಂದು ತಾಣದ ನಾಲ್ಕನೆಯ ರೂಪವು ಹೊರಬಂದಿತು. ಹೂಳುವ ಗುಂಡಿಯು ಅದರಲ್ಲಿ ಇರಲಿಲ್ಲ. ಇನ್ನೂ ಮೇಲೆ ಬರಬೇಕಾದ ಬರಹಗಳನ್ನು ತೋರಿಸುತ್ತಿದ್ದ ಪುಟವು ಹೋಗಿದ್ದಿತು; ಓದುಗರು ಮೆಚ್ಚಿ ಕೂಡಿಟ್ಟುಕೊಂಡಿದ್ದ ಪಟ್ಟಿಗಳು ಕಾಣಲಿಲ್ಲ. ದೊಡ್ಡ ಪತ್ರಿಕೆಗಳೂ ಪ್ರಕಾಶಕರೂ ತಮ್ಮ ಬರಹಗಳನ್ನು ಯಂತ್ರದ ಮೂಲಕ ತಾವೇ ಸೇರಿಸುವ ಅನುಕೂಲವು ಹೊಸದಾಗಿ ಬಂದಿದ್ದಿತು. ಇಷ್ಟು ಸಾಲದೆಂಬಂತೆ, ಒಳಗಿನ ದತ್ತಾಂಶದ ವ್ಯವಸ್ಥೆಯನ್ನೂ ಅದೇ ಸಮಯದಲ್ಲಿ ಬದಲಾಯಿಸಿದ್ದರಿಂದ ತಾಣವು ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿದ್ದಿತು.

ಓದುಗರ ಆಕ್ಷೇಪಗಳನ್ನು ನೋಡಿದರೆ ಬಣ್ಣ ಮತ್ತು ಅಕ್ಷರಗಳ ವಿಷಯವಾದ ಮಾತುಗಳು ಅವುಗಳಲ್ಲಿ ಇದ್ದರೂ ಮುಖ್ಯವಾದ ಮಾತು ಅದಲ್ಲ. ಮೊದಲ ಪುಟವನ್ನು ಕಟ್ಟುವ ಅಧಿಕಾರವು ಓದುಗರಿಂದ ಪ್ರಕಾಶಕರಿಗೆ ಹೋಯಿತೆಂಬುದೇ ಅವರ ದುಃಖ. ತಿರಸ್ಕರಿಸುವ ಹಕ್ಕಿಲ್ಲದ ಮೇಲೆ ಆರಿಸುವ ಹಕ್ಕಿಗೆ ಅರ್ಥವೇನೆಂಬುದು ಅವರ ಪ್ರಶ್ನೆ. ಆಗಸ್ಟ್ ೩೦ನ್ನು ಡಿಗ್ಗನ್ನು ತ್ಯಜಿಸುವ ದಿನವೆಂದು ಅವರು ಸಾರಿ, ಪ್ರತಿಸ್ಪರ್ಧಿಯಾದ ರೆಡಿಟ್ ತಾಣದ ಕೊಂಡಿಗಳನ್ನೇ ಎತ್ತಿ ಎತ್ತಿ ಡಿಗ್ಗಿನ ಮೊದಲ ಪುಟವನ್ನು ತುಂಬಿದರು. ಉಳಿದಿದ್ದ ಒಂದೇ ಗುಂಡಿಯಿಂದ ಅವರು ಮಾಡಬಹುದಾಗಿದ್ದುದು ಅಷ್ಟೇ.

ಸೆಪ್ಟೆಂಬರಿನಲ್ಲಿ ಮ್ಯಾಟ್ ವಿಲಿಯಮ್ಸ್ ಎಂಬವರು ಮುಖ್ಯಾಧಿಕಾರಿಗಳಾಗಿ ಬಂದು, ಹೂಳುವ ಗುಂಡಿಯೇ ಮೊದಲಾದುವನ್ನು ಹಿಂದಕ್ಕೆ ತರಿಸಿದರು. ಆ ಹೊತ್ತಿಗೆ ಕಾಲ ಮಿಂಚಿದ್ದಿತು. ಅಕ್ಟೋಬರಿನಲ್ಲಿ ನೌಕರರಲ್ಲಿ ನೂರಕ್ಕೆ ೩೭ ಮಂದಿಯನ್ನು ತೆಗೆಯಲಾಯಿತು. ೨೦೧೧ರ ಮಾರ್ಚಿಯಲ್ಲಿ ಕೆವಿನ್ ರೋಸರು ಬಿಟ್ಟುಹೋದರು. ೨೦೧೨ರ ಜುಲೈಯಲ್ಲಿ ತಾಣವೂ ಅದರ ಹೆಸರೂ ಬೀಟಾವರ್ಕ್ಸ್ ಎಂಬ ಸಂಸ್ಥೆಗೆ ಸುಮಾರು ಐದು ಲಕ್ಷ ಡಾಲರುಗಳಿಗೆ ಮಾರಾಟವಾದುವು. ಈ ಅವನತಿಗೆ ರೂಪಾಂತರವೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಬರಹಗಳನ್ನು ಹಂಚಿಕೊಳ್ಳುವ ಕೆಲಸಕ್ಕೆ ಜನರು ಅಷ್ಟರಲ್ಲಿಯೇ ಟ್ವಿಟರನ್ನೂ ಫೇಸ್‌ಬುಕ್ಕನ್ನೂ ಹಿಡಿದಿದ್ದರು. ಆದರೆ ಕುಗ್ಗುತ್ತಿದ್ದ ತಾಣದಲ್ಲಿ ನಿಷ್ಠೆಯಿಂದ ಉಳಿದಿದ್ದವರನ್ನು ಹೊರಡಿಸಿದುದು ಆಗಸ್ಟಿನ ಮಾರ್ಪಾಟೇ ಎಂಬುದರಲ್ಲಿ ಸಂದೇಹವಿಲ್ಲ.

೫

ಮೇಲಣ ಎರಡು ಪ್ರಸಂಗಗಳಲ್ಲಿ ಪುಟದ ರಚನೆಯೇ ಬದಲಾಯಿತು. ಒಂದೇ ಒಂದು ಚಿಹ್ನೆಯು ಬದಲಾದಾಗ ಏನಾಯಿತೆಂಬುದಕ್ಕೆ ಟ್ವಿಟರಿನ ದೃಷ್ಟಾಂತವಿದೆ. ಆ ತಾಣದಲ್ಲಿ ಪ್ರತಿಯೊಂದು ಬರಹದ ಕೆಳಗೂ ನಕ್ಷತ್ರದ ಗುರುತೊಂದಿದ್ದಿತು. ೨೦೧೫ರ ನವೆಂಬರ್ ೩ರಂದು ಅದನ್ನು ತೆಗೆದು ಹೃದಯದ ಗುರುತನ್ನಿಟ್ಟರು; ಅದರ ಹೆಸರನ್ನೂ ಮೆಚ್ಚುಗೆಯ ಅರ್ಥ ಬರುವಂತೆ ಬದಲಾಯಿಸಿದರು. ನಕ್ಷತ್ರವು ಹೊಸಬರಿಗೆ ಅರ್ಥವಾಗುವುದಿಲ್ಲವೆಂದೂ ಹೃದಯವು ಎಲ್ಲ ಭಾಷೆಗಳವರಿಗೂ ತಿಳಿಯುವ ಚಿಹ್ನೆಯೆಂದೂ ಕಂಪನಿಯು ಕಾರಣ ಹೇಳಿತು.

ಬಳಕೆದಾರರು ಹೇಳಿದುದೇನೆಂದರೆ, ನಕ್ಷತ್ರದ ಅರ್ಥವು ನಿಶ್ಚಿತವಾಗಿಲ್ಲದಿದ್ದುದೇ ಅದರ ಗುಣವಾಗಿದ್ದಿತು. ಮುಂದೆ ಓದಬೇಕೆಂದು ಗುರುತು ಮಾಡುವವರು, ಓದಿದೆನೆಂದು ತಿಳಿಸುವವರು, ಮಾತು ಮುಗಿಯಿತೆಂದು ತಲೆದೂಗುವವರು, ಒಪ್ಪದಿದ್ದರೂ ಮನ್ನಣೆ ತೋರಿಸುವವರು, ಎಲ್ಲರೂ ಅದೊಂದನ್ನೇ ಬಳಸುತ್ತಿದ್ದರು. ಮರಣವಾರ್ತೆಗೆ ನಕ್ಷತ್ರವನ್ನಿಡಬಹುದಾಗಿದ್ದಿತು, ಹೃದಯವನ್ನಿಡುವುದು ಹೇಗೆ? ಇದಕ್ಕಿಂತ ಹೆಚ್ಚಿನ ಸಂಗತಿ ಇನ್ನೊಂದಿದೆ. ಹಿಂದೆ ಇಟ್ಟಿದ್ದ ನಕ್ಷತ್ರಗಳೆಲ್ಲವೂ ಆ ದಿನವೇ ಹೃದಯಗಳಾಗಿ ಮಾರ್ಪಟ್ಟುವು. ಒಬ್ಬ ಪತ್ರಕರ್ತನು ಐದು ವರ್ಷಗಳ ಹಿಂದೆ ಯಾವುದೋ ದುರ್ವಾರ್ತೆಯನ್ನು ನೆನಪಿಗಾಗಿ ಗುರುತು ಮಾಡಿದ್ದನೆಂದಿಟ್ಟುಕೊಂಡರೆ, ಅವನು ಅದನ್ನು ಮೆಚ್ಚಿದನೆಂದು ಆ ದಿನದಿಂದ ಅವನ ಪುಟವು ಹೇಳತೊಡಗಿತು. ಲಿಪಿಕಾರನೊಬ್ಬನು ತನಗೆ ತಿಳಿಯದ ಪದವನ್ನು ತಿದ್ದಿ ಸುಲಭವಾದ ಪದವನ್ನಿಟ್ಟರೆ ಪಾಠವು ಕೆಡುವುದೆಂಬುದು ಗ್ರಂಥಸಂಪಾದಕರಿಗೆ ಗೊತ್ತಿದೆ. ಅಲ್ಲಿಯಾದರೆ ಬೇರೆ ಪ್ರತಿಗಳಿಂದ ಮೂಲಪಾಠವನ್ನು ಸಾಧಿಸಬಹುದು. ಇಲ್ಲಿ ಇದ್ದ ಪ್ರತಿಯೇ ಒಂದು.

ಇದರ ಪಕ್ಕದಲ್ಲಿ ಇನ್‌ಸ್ಟಾಗ್ರಾಮಿನ ಮಾರ್ಪಾಟನ್ನು ಇಟ್ಟು ನೋಡುವುದು ಉಪಯುಕ್ತ. ೨೦೧೬ರ ಮೇ ೧೧ರಂದು ಆ ತಾಣವು ತನ್ನ ಲಾಂಛನವಾಗಿದ್ದ ಹಳೆಯ ಕ್ಯಾಮೆರಾದ ಚಿತ್ರವನ್ನು ಬಿಟ್ಟು, ನೇರಿಳೆಯಿಂದ ಹಳದಿಯವರೆಗೆ ಹರಿಯುವ ಬಣ್ಣಗಳ ಮೇಲೆ ಬಿಳಿಯ ಗೆರೆಗಳ ಹೊಸ ಲಾಂಛನವನ್ನು ತಂದಿತು. ಹಾಸ್ಯವೂ ನಿಂದೆಯೂ ಹೇರಳವಾಗಿ ನಡೆದುವು. ಆದರೆ ಓದುಗನು ಹಿಂದೆ ಮಾಡುತ್ತಿದ್ದ ಯಾವ ಕೆಲಸವೂ ಇದರಿಂದ ತಪ್ಪಲಿಲ್ಲ; ಅವನ ಹಿಂದಿನ ಯಾವ ಮಾತಿನ ಅರ್ಥವೂ ಬೇರೆಯಾಗಲಿಲ್ಲ. ಕೂಗು ತಾನಾಗಿಯೇ ಅಡಗಿತು. ಅಭ್ಯಾಸವಾದವು ಪೂರ್ಣವಾಗಿ ಅನ್ವಯಿಸುವುದು ಇಂತಹ ಸ್ಥಳದಲ್ಲಿ.

೬

೨೦೧೮ನೆಯ ವರ್ಷದಲ್ಲಿ ಎರಡು ತಾಣಗಳು ತಮ್ಮ ರೂಪವನ್ನು ಬದಲಿಸಿದುವು. ಎರಡರ ಒಡೆಯರೂ ಭಿನ್ನವಾದ ಮಾರ್ಗವನ್ನು ಹಿಡಿದುದರಿಂದ ಇವುಗಳ ಹೋಲಿಕೆಯು ಬೋಧಪ್ರದವಾಗಿದೆ.

ಸ್ನ್ಯಾಪ್‌ಚಾಟಿನಲ್ಲಿ ಸ್ನೇಹಿತರ ಸಂದೇಶಗಳನ್ನೂ ಅವರ ಚಿತ್ರಕಥೆಗಳನ್ನೂ ಒಂದು ಕಡೆಗೆ ಕೂಡಿಸಿ, ಪ್ರಕಾಶಕರು ಮತ್ತು ಪ್ರಸಿದ್ಧ ವ್ಯಕ್ತಿಗಳ ಬರಹಗಳನ್ನು ಇನ್ನೊಂದು ಕಡೆಗೆ ಇಟ್ಟರು. ಹೊಸ ಕ್ರಮವು ಆ ವರ್ಷದ ಆರಂಭದಲ್ಲಿ ಎಲ್ಲರಿಗೂ ಹರಡಿತು. ಹಳೆಯ ರೂಪವು ಬೇಕೆಂದು ಕೇಳಿದ ಒಂದು ಮನವಿಗೆ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಜನರು ರುಜು ಹಾಕಿದರು. ಜನರು ಕ್ರಮೇಣ ಒಗ್ಗಿಕೊಳ್ಳುವರೆಂದು ಕಂಪನಿಯು ಮೊದಲು ಉತ್ತರ ಕೊಟ್ಟಿತು. ಆದರೆ ದಿನವೂ ಬಳಸುವವರ ಸಂಖ್ಯೆಯು ವರ್ಷದ ಮೊದಲ ಮೂರು ತಿಂಗಳುಗಳಲ್ಲಿ ೧೯ ಕೋಟಿ ೧೦ ಲಕ್ಷವಿದ್ದುದು ಮುಂದಿನ ಮೂರು ತಿಂಗಳುಗಳಲ್ಲಿ ೧೮ ಕೋಟಿ ೮೦ ಲಕ್ಷಕ್ಕೆ ಇಳಿಯಿತು. ಕಂಪನಿಯು ತನ್ನ ಲೆಕ್ಕವನ್ನು ಪ್ರಕಟಿಸಲಾರಂಭಿಸಿದ ಮೇಲೆ ಸಂಖ್ಯೆಯು ಇಳಿದುದು ಅದೇ ಮೊದಲು. ಮೇ ತಿಂಗಳ ಹೊತ್ತಿಗೆ ಹೊಸ ಕ್ರಮದ ಕೆಲವು ಭಾಗಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಹೋದ ಸಂಖ್ಯೆಯು ತುಂಬಿ ಬಂದುದು ೨೦೧೯ರಲ್ಲಿ.

ರೆಡಿಟ್ ತಾಣವು ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ಎಂಬವರಿಂದ ೨೦೦೫ರಲ್ಲಿ ಸ್ಥಾಪಿತವಾದುದು. ಡಿಗ್ಗನ್ನು ಬಿಟ್ಟವರು ೨೦೧೦ರಲ್ಲಿ ಬಂದು ಸೇರಿದುದು ಇಲ್ಲಿಗೇ. ಈ ತಾಣವು ಅನೇಕ ಚಿಕ್ಕ ಸಮುದಾಯಗಳಾಗಿ ವಿಭಾಗವಾಗಿದ್ದು, ಒಂದೊಂದು ಸಮುದಾಯದ ಪುಟವನ್ನು ಅದರ ಮೇಲ್ವಿಚಾರಕರೇ ತಮ್ಮ ಇಚ್ಛೆಯಂತೆ ಸಿಂಗರಿಸುತ್ತಿದ್ದರು. ೨೦೧೭ರ ಏಪ್ರಿಲಿನಲ್ಲಿ ಕಂಪನಿಯು ಈ ಸ್ವಾತಂತ್ರ್ಯವನ್ನು ತೆಗೆಯುವುದಾಗಿ ತಿಳಿಸಲು, ಮೇಲ್ವಿಚಾರಕರು ಒಟ್ಟುಗೂಡಿ ಪ್ರತಿಭಟಿಸಿದರು. ಕಂಪನಿಯು ತನ್ನ ಮಾತನ್ನು ಸಡಿಲಿಸಿತಾದರೂ, ೨೦೧೮ರ ಏಪ್ರಿಲಿನಿಂದ ಹರಡತೊಡಗಿದ ಹೊಸ ರೂಪದಲ್ಲಿ ಹಿಂದಿನ ಸ್ವಾತಂತ್ರ್ಯವು ಪೂರ್ಣವಾಗಿ ಬರಲಿಲ್ಲ. ಆದರೆ ಡಿಗ್ಗಿನವರು ಮಾಡದ ಒಂದು ಕೆಲಸವನ್ನು ರೆಡಿಟ್ಟಿನವರು ಮಾಡಿದರು. ಹಳೆಯ ರೂಪವನ್ನು ಅಳಿಸದೆ, ‘ಓಲ್ಡ್’ ಎಂಬ ಪದ ಸೇರಿದ ಬೇರೊಂದು ವಿಳಾಸದಲ್ಲಿ ಅದನ್ನು ಉಳಿಸಿದರು. ಬೇಕಾದವರು ಅಲ್ಲಿಯೇ ಓದಬಹುದಾಗಿದ್ದಿತು. ದೂರುಗಳು ನಿಲ್ಲಲಿಲ್ಲ, ಆದರೆ ಡಿಗ್ಗಿನಲ್ಲಿ ಆದಂತಹ ನಿರ್ಗಮನವೂ ಆಗಲಿಲ್ಲ. ಎರಡು ಆವೃತ್ತಿಗಳು ಏಕಕಾಲದಲ್ಲಿ ಉಳಿದುದರಿಂದ, ದೂರುವವರ ಮಾತು ಎಷ್ಟು ಮಟ್ಟಿಗೆ ಸರಿಯೆಂಬುದನ್ನು ಯಾರು ಬೇಕಾದರೂ ಎರಡನ್ನೂ ತೆರೆದು ಪರೀಕ್ಷಿಸುವಂತಾಯಿತು. ಇಂತಹ ಅನುಕೂಲವು ಈ ಚರಿತ್ರೆಯಲ್ಲಿ ಅಪರೂಪವಾದುದು.

೭

ಇಷ್ಟು ದೃಷ್ಟಾಂತಗಳಿಂದ ಆಕ್ಷೇಪಗಳಲ್ಲಿ ಮೂರು ಬಗೆಗಳಿವೆಯೆಂದು ತೋರುತ್ತದೆ. ಕಣ್ಣಿಗೂ ಕೈಗೂ ಅಭ್ಯಾಸವಾದುದು ತಪ್ಪಿತೆಂಬುದು ಒಂದು. ಇನ್‌ಸ್ಟಾಗ್ರಾಮಿನ ಲಾಂಛನವು ಇದಕ್ಕೆ ಉದಾಹರಣೆ. ಇದನ್ನು ಅಭ್ಯಾಸಭಂಗವೆನ್ನಬಹುದು. ತಾನು ಒಂದು ಅರ್ಥದಲ್ಲಿ ಆಡಿದ ಮಾತು ಇನ್ನೊಂದು ಅರ್ಥವನ್ನು ಪಡೆಯಿತೆಂಬುದು ಎರಡನೆಯದು. ಟ್ವಿಟರಿನ ನಕ್ಷತ್ರದಲ್ಲಿ ಆದುದು ಅರ್ಥಭಂಗ. ತನ್ನ ವಶದಲ್ಲಿದ್ದ ನಿರ್ಣಯವು ಇನ್ನೊಬ್ಬರ ವಶವಾಯಿತೆಂಬುದು ಮೂರನೆಯದು. ಡಿಗ್ಗಿನ ಹೂಳುವ ಗುಂಡಿಯಲ್ಲಿಯೂ ಫೇಸ್‌ಬುಕ್ಕಿನ ಪಟ್ಟಿಯಲ್ಲಿಯೂ ಕಾಣುವುದು ಅಧಿಕಾರಭಂಗ. ಒಂದೇ ಪ್ರಸಂಗದಲ್ಲಿ ಮೂರೂ ಬೆರೆತಿರುವುದುಂಟು. ಒಬ್ಬನೇ ಮನುಷ್ಯನ ಒಂದೇ ವಾಕ್ಯದಲ್ಲಿಯೂ ಬೆರೆತಿರಬಹುದು. ಹೊಸ ಪುಟವು ವಿಕಾರವಾಗಿದೆಯೆಂದು ಬರೆದವನ ಮನಸ್ಸಿನಲ್ಲಿರುವುದು ಬಣ್ಣದ ಮಾತಾಗಿರಬೇಕೆಂಬ ನಿಯಮವಿಲ್ಲ. ತನ್ನ ಕೈಯಿಂದ ಹೋದುದಕ್ಕೆ ಹೆಸರು ತೋರದಿದ್ದಾಗ ಕಣ್ಣಿಗೆ ಕಂಡುದನ್ನೇ ಮನುಷ್ಯನು ದೂರುವನು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಅಧಿಕಾರಭಂಗವಾದ ಕಡೆಗಳಲ್ಲೆಲ್ಲ ಬಳಕೆದಾರರು ತಾಣವನ್ನು ಬಿಟ್ಟುಹೋಗಬೇಕಾಗಿದ್ದಿತಷ್ಟೆ. ಫೇಸ್‌ಬುಕ್ಕಿನಲ್ಲಿ ಏಕೆ ಬಿಡಲಿಲ್ಲ? ಏಳು ಲಕ್ಷ ಜನರು ಕೊನೆಗೆ ಉಳಿದುಕೊಂಡರೆಂದ ಮೇಲೆ ಅವರ ದೂರು ಹುರುಳಿಲ್ಲದುದೆಂದು ಏಕೆ ಹೇಳಬಾರದು? ಇದಕ್ಕೆ ಉತ್ತರವು ಎರಡು ತಾಣಗಳ ಸ್ವಭಾವದಲ್ಲಿದೆ. ಡಿಗ್ಗಿನ ಓದುಗರು ಬಹುಮಟ್ಟಿಗೆ ಪರಸ್ಪರ ಅಪರಿಚಿತರು. ಅವರನ್ನು ಕೂಡಿಸಿದುದು ಬರಹಗಳ ಮೇಲಣ ಆಸಕ್ತಿ. ಆ ಬರಹಗಳು ರೆಡಿಟ್ಟಿನಲ್ಲಿಯೂ ಸಿಕ್ಕುತ್ತಿದ್ದುವು. ಎದ್ದು ಹೋಗುವುದು ಸುಲಭವಾಗಿದ್ದಿತು. ಫೇಸ್‌ಬುಕ್ಕಿನಲ್ಲಿದ್ದವರಾದರೋ ಗೆಳೆಯರೂ ಸಹಪಾಠಿಗಳೂ ಆಗಿದ್ದರು. ಒಬ್ಬನು ಹೊರಟರೆ ಉಳಿದವರೆಲ್ಲರನ್ನೂ ಕರೆದುಕೊಂಡು ಹೋಗುವುದು ಅವನಿಂದಾಗದು. ಊರಿನ ಭಾವಿಯ ನೀರು ಸಪ್ಪೆಯಾಯಿತೆಂದು ಒಬ್ಬನೇ ಊರನ್ನು ಬಿಡುವುದಿಲ್ಲ. ಬಿಡದಿದ್ದುದರಿಂದ ನೀರು ಸಿಹಿಯೆಂದು ಸಿದ್ಧವಾಗುವುದೂ ಇಲ್ಲ.

ಆದುದರಿಂದ ಆಕ್ಷೇಪದ ಬಲ ಬೇರೆ, ಆಕ್ಷೇಪದ ಸತ್ಯ ಬೇರೆ. ಬಲವನ್ನು ನಿರ್ಣಯಿಸುವುದು ಬೇರೆಡೆಗೆ ಹೋಗಲು ಇರುವ ದಾರಿ. ಸತ್ಯವನ್ನು ನಿರ್ಣಯಿಸುವುದು ಹಳೆಯ ಪುಟಕ್ಕೂ ಹೊಸ ಪುಟಕ್ಕೂ ಇರುವ ವ್ಯತ್ಯಾಸ. ಒಂದು ರೂಪಾಂತರವು ಗೆದ್ದಿತೆಂಬ ಮಾತ್ರಕ್ಕೆ ಅದನ್ನು ವಿರೋಧಿಸಿದವರು ತಪ್ಪಿದರೆಂದು ಬರೆಯುವ ಚರಿತ್ರಕಾರನು ಇವೆರಡನ್ನೂ ಒಂದೆಂದು ಭ್ರಮಿಸಿದವನಾಗುತ್ತಾನೆ. ೨೦೦೬ರಲ್ಲಿ ಸೋತವರ ಮಾತನ್ನು ೨೦೦೭ರ ಬೀಕನ್ ಪ್ರಸಂಗವು ಸಮರ್ಥಿಸಿತು. ೨೦೧೦ರಲ್ಲಿ ಗೆದ್ದವರ ಮಾತು, ಅವರು ಹೋಗಲು ರೆಡಿಟ್ ಇಲ್ಲದಿದ್ದಿದ್ದರೆ, ಬರಿಯ ಗೊಣಗೆಂದು ಮರೆತುಹೋಗುತ್ತಿದ್ದಿತು. ಇಬ್ಬರೂ ಹೇಳಿದುದು ಹೆಚ್ಚುಕಡಿಮೆ ಒಂದನ್ನೇ.

ಕೊನೆಯದಾಗಿ ಈ ಆಕರಗಳ ಸ್ಥಿತಿಯ ವಿಷಯವನ್ನು ಹೇಳಬೇಕಾಗಿದೆ. ದೂರುಗಳು ಬರೆಯಲ್ಪಟ್ಟುದು ಬಹುಪಾಲು ಆಯಾ ತಾಣಗಳ ಒಳಗೇ. ನ್ಯೂಸ್ ಫೀಡನ್ನು ವಿರೋಧಿಸಿದ ಗುಂಪು ಇದ್ದುದು ಫೇಸ್‌ಬುಕ್ಕಿನಲ್ಲಿ. ಡಿಗ್ಗಿನ ಮೇಲಣ ನಿಂದ್ಯವು ನಡೆದುದು ಡಿಗ್ಗಿನ ಪುಟಗಳಲ್ಲಿ. ೨೦೧೨ರ ಆಗಸ್ಟಿನಲ್ಲಿ ಹೊಸ ಒಡೆಯರು ಡಿಗ್ಗನ್ನು ಪುನಃ ತೆರೆದಾಗ ಹಳೆಯ ಚರ್ಚೆಗಳು ಅಲ್ಲಿ ಕಾಣಲಿಲ್ಲ. ಪ್ರತಿವಾದಿಯ ಮನೆಯಲ್ಲಿ ಸಾಕ್ಷಿಯನ್ನು ಇಟ್ಟಂತೆ ಇದಾಗಿದೆ. ಹಳೆಯ ರೂಪವೂ ಹೋಗಿ, ಅದು ಹೋಯಿತೆಂದು ದುಃಖಿಸಿದವರ ಮಾತೂ ಹೋದರೆ, ಮುಂದಿನವರಿಗೆ ಉಳಿಯುವುದು ಒಡೆಯರ ಪ್ರಕಟನೆಗಳು ಮಾತ್ರ. ಅವುಗಳ ಪ್ರಕಾರ ಪ್ರತಿಯೊಂದು ರೂಪಾಂತರವೂ ಸುಧಾರಣೆಯೇ. ಓಲೆಯ ಗರಿಗಳನ್ನು ಕೂಡಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಈ ಕ್ಷುಲ್ಲಕವೆಂದು ಕಾಣುವ ಗೊಣಗಾಟಗಳ ಸಂಗ್ರಹದಲ್ಲಿಯೂ ತೋರಿಸಬೇಕಾದುದು ಈ ಕಾರಣದಿಂದ.